ಓಡುತ್ತಾ ಓಡುತ್ತಾ ತಾನೇ ಚಾರ್ಜ್ ಆಗುವ ಕಾರು: ನಿಜವೆಷ್ಟು, ಸುಳ್ಳೆಷ್ಟು?

ಹಳೆಯ ಮಾರುತಿ 800ರ ಎಂಜಿನ್ ಕಿತ್ತು ಮೋಟಾರು ಕೂರಿಸಿದ ಹುಡುಗರು, ಗುಜರಿ ಸಾಮಾನಿನಲ್ಲೇ ಪುಟ್ಟ ಜೀಪು ಕಟ್ಟಿದ ಮೆಕ್ಯಾನಿಕ್, ಮಗಳನ್ನು ಶಾಲೆಗೆ ಬಿಡಲು ಬ್ಯಾಟರಿ ಕಾರು ಮಾಡಿಕೊಂಡ ರೈತ. ಇಂಥ ವಿಡಿಯೊಗಳು ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ನೋಡಿದರೆ ಖುಷಿಯಾಗುತ್ತದೆ, ಆಗಬೇಕು ಕೂಡ. ಕೈಯಲ್ಲಿರುವ ಸಾಮಾನಿನಿಂದ ಓಡುವ ಗಾಡಿಯೊಂದನ್ನು ಕಟ್ಟುವುದು ಸಣ್ಣ ಕೆಲಸವಲ್ಲ.

ಆದರೆ ಇವುಗಳಲ್ಲಿ ಕೆಲವು ವಿಡಿಯೊಗಳ ಕೊನೆಗೆ ಒಂದು ಮಾತು ಬರುತ್ತದೆ: "ಈ ಕಾರಿಗೆ ಪೆಟ್ರೋಲೂ ಬೇಡ, ಕರೆಂಟೂ ಬೇಡ. ಓಡುತ್ತಾ ಓಡುತ್ತಾ ತಾನೇ ಚಾರ್ಜ್ ಆಗುತ್ತದೆ." ಅದರ ಕೆಳಗೆ ಸಾವಿರಾರು ಶಹಬ್ಬಾಸ್‌ಗಿರಿ, ಜೊತೆಗೆ "ದೊಡ್ಡ ಕಂಪನಿಗಳು ಇದನ್ನು ಬೆಳೆಯಲು ಬಿಡುವುದಿಲ್ಲ" ಎಂಬ ಬೇಸರ. ಇದನ್ನು ನಂಬಿ ಹಣ ಹಾಕುವವರಿದ್ದಾರೆ, ತಾವೂ ಒಂದು ಮಾಡೋಣ ಎಂದು ಮನೆಯಲ್ಲೇ ಬ್ಯಾಟರಿ ಜೋಡಿಸಲು ಕೂರುವವರೂ ಇದ್ದಾರೆ. ಮೊದಲನೆಯವರಿಗೆ ಹೋಗುವುದು ಹಣ, ಎರಡನೆಯವರಿಗೆ ಕೆಲವೊಮ್ಮೆ ಮನೆಗೇ ಬೆಂಕಿ.

ಮನೆಯಲ್ಲಿ ತಯಾರಿಸಿದ ವಿದ್ಯುತ್ ಕಾರಿಗೆ ಶಕ್ತಿ ಎಲ್ಲಿಂದ ಬರಬಹುದು, ಎಲ್ಲಿಂದ ಬರಲಾರದು, ಬಂದದ್ದನ್ನು ಅಪಾಯವಿಲ್ಲದೆ ತುಂಬಿಕೊಳ್ಳುವುದು ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ. ಇದಕ್ಕೆ ದೊಡ್ಡ ಭೌತಶಾಸ್ತ್ರವೇನೂ ಬೇಡ. ಕರೆಂಟ್ ಬಿಲ್ ಓದಲು ಬಂದರೆ ಸಾಕು.

ಮೊದಲು ಒಂದು ಅಳತೆಗೋಲು

ಕರೆಂಟ್ ಬಿಲ್ಲಿನಲ್ಲಿ ಕಾಣುವ "ಯೂನಿಟ್" ಎಂದರೆ ಒಂದು ಕಿಲೋವ್ಯಾಟ್-ಗಂಟೆ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಪೂರ್ತಿ ಉರಿದರೆ ಒಂದು ಯೂನಿಟ್. ಬ್ಯಾಟರಿಯನ್ನೂ ಇದೇ ಅಳತೆಯಲ್ಲಿ ನೋಡಬಹುದು. ಅದರ ಮೇಲೆ ಬರೆದಿರುವ ವೋಲ್ಟ್ ಮತ್ತು ಎಎಚ್ (ಆಂಪಿಯರ್-ಗಂಟೆ) ಅಂಕಿಗಳನ್ನು ಗುಣಿಸಿ 1000ದಿಂದ ಭಾಗಿಸಿ. 12 ವೋಲ್ಟ್, 150 ಎಎಚ್‌ನ ಇನ್ವರ್ಟರ್ ಬ್ಯಾಟರಿ ಎಂದರೆ 1.8 ಯೂನಿಟ್.

ಇನ್ನು ಒಂದು ಯೂನಿಟ್‌ಗೆ ಪುಟ್ಟ ಕಾರು ಎಷ್ಟು ದೂರ ಹೋಗುತ್ತದೆ? ಇದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಳ್ಳೆಯ ಉದಾಹರಣೆಯಿದೆ. 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರಿನಲ್ಲಿ 6 ವೋಲ್ಟ್‌ನ ಎಂಟು ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್, 200 ಎಎಚ್, ಅಂದರೆ 9.6 ಯೂನಿಟ್. ಕಂಪನಿ ಹೇಳುತ್ತಿದ್ದ ದೂರ 80 ಕಿ.ಮೀ. ಭಾಗಿಸಿದರೆ ಯೂನಿಟ್‌ಗೆ ಸುಮಾರು 8 ಕಿ.ಮೀ. ಅದು ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಕೂರುವ ಹಗುರ ಕಾರು. ಎಂಜಿನಿಯರುಗಳು ವರ್ಷಗಟ್ಟಲೆ ತಿದ್ದಿ ತೀಡಿದ್ದು. ಗ್ಯಾರೇಜಿನಲ್ಲಿ ಕಟ್ಟಿದ ಕಾರು ಅದಕ್ಕಿಂತ ತುಂಬ ಚೆನ್ನಾಗಿ ಓಡುತ್ತದೆ ಎಂದು ನಿರೀಕ್ಷಿಸುವುದು ಕಷ್ಟ.

"ಯೂನಿಟ್‌ಗೆ 8 ಕಿ.ಮೀ." ಎಂಬುದನ್ನು ನೆನಪಿಟ್ಟುಕೊಳ್ಳಿ. ಇನ್ನು ಮುಂದೆ ಯಾವ ಮಾತು ಬಂದರೂ ಇದೇ ಕೋಲಿನಿಂದ ಅಳೆಯೋಣ.

ಚಕ್ರಕ್ಕೆ ಡೈನಮೊ ಕಟ್ಟಿದರೆ ಚಾರ್ಜ್ ಆಗುವುದಿಲ್ಲವೇ?

ಆಗುತ್ತದೆ. ಆದರೆ ಎಲ್ಲಿಂದ ಬಂದ ಶಕ್ತಿಯಿಂದ ಎಂಬುದು ಪ್ರಶ್ನೆ.

ಹಳೆಯ ಸೈಕಲ್ ಡೈನಮೊ ನೆನಪಿಸಿಕೊಳ್ಳಿ. ಕತ್ತಲಾದ ಮೇಲೆ ಅದನ್ನು ಟೈರಿಗೆ ಒತ್ತಿಸಿದ ಕೂಡಲೇ ಪೆಡಲ್ ಭಾರವಾಗುತ್ತಿತ್ತು. ಪುಟ್ಟ ಬಲ್ಬು ಉರಿಯಲು ಬೇಕಾದ ಶಕ್ತಿ ನಿಮ್ಮ ಕಾಲಿನಿಂದಲೇ ಹೋಗುತ್ತಿತ್ತು. ವಿದ್ಯುತ್ ಕಾರಿನಲ್ಲಿ ಕಾಲಿನ ಜಾಗದಲ್ಲಿ ಮೋಟಾರು ಇದೆ, ಮೋಟಾರಿಗೆ ಶಕ್ತಿ ಕೊಡುವುದು ಬ್ಯಾಟರಿ. ಅಂದರೆ ಡೈನಮೊ ಬ್ಯಾಟರಿಗೆ ತುಂಬುತ್ತಿರುವುದು ಬ್ಯಾಟರಿಯಿಂದಲೇ ತೆಗೆದದ್ದನ್ನು.

ತೆಗೆದಷ್ಟನ್ನೂ ವಾಪಸ್ ತುಂಬಿದರೆ ಸರಿಹೋಯಿತಲ್ಲ ಎನ್ನಬಹುದು. ಹಾಗಾಗುವುದಿಲ್ಲ. ಬ್ಯಾಟರಿಯಿಂದ ಹೊರಟ 100 ಪಾಲಿನಲ್ಲಿ ಮೋಟಾರು ದಾಟಿ ಚಕ್ರ ತಲುಪುವುದು ಸುಮಾರು 85. ಕಾರಿನ ಸಾಮಾನ್ಯ ಆಲ್ಟರ್ನೇಟರ್ ಅದರಲ್ಲಿ ಕರೆಂಟ್ ಆಗಿ ಕೊಡುವುದು ಆರು ಆಣೆಯಿಂದ ಹತ್ತು ಆಣೆಯಷ್ಟು, ಹತ್ತು ಆಣೆಯೇ ಎಂದುಕೊಂಡರೂ 53. ಅದನ್ನು ಸೀಸ-ಆಮ್ಲ ಬ್ಯಾಟರಿಗೆ ತುಂಬುವಾಗ ಇನ್ನಷ್ಟು ಬಿಸಿಯಾಗಿ ಕಳೆದು, ಕೊನೆಗೆ ಉಳಿಯುವುದು 45ರ ಆಸುಪಾಸು. ಬ್ಯಾಂಕಿನಿಂದ ನೂರು ರೂಪಾಯಿ ತೆಗೆದು, ಅದನ್ನೇ ವಾಪಸ್ ಜಮಾ ಮಾಡಲು ಹೋಗುವ ದಾರಿಯಲ್ಲಿ ಐವತ್ತೈದು ರೂಪಾಯಿ ಖರ್ಚಾದ ಹಾಗೆ. ನೆನಪಿಡಿ, ಈ ಲೆಕ್ಕದಲ್ಲಿ ಕಾರು ಇನ್ನೂ ಒಂದು ಮೀಟರ್ ಕೂಡ ಮುಂದೆ ಹೋಗಿಲ್ಲ. ಇಡೀ ನೂರು ಪಾಲೂ ಡೈನಮೊ ತಿರುಗಿಸಲಿಕ್ಕೇ ಹೋಯಿತು.

ಎರಡು ಡೈನಮೊ ಹಾಕಿದರೆ? ನಷ್ಟ ಎರಡು ಪಟ್ಟು. ಮುಂದೆ ಫ್ಯಾನ್ ಕಟ್ಟಿ ಗಾಳಿಯಿಂದ ಕರೆಂಟ್ ತೆಗೆದರೆ? ಆ ಗಾಳಿ ಹುಟ್ಟಿದ್ದೇ ಕಾರು ಓಡುತ್ತಿರುವುದರಿಂದ. ಫ್ಯಾನ್ ಅದನ್ನು ತಡೆದಷ್ಟೂ ಮೋಟಾರು ಹೆಚ್ಚು ಎಳೆಯಬೇಕು. ಓವರ್‌ಹೆಡ್ ಟ್ಯಾಂಕಿನಿಂದ ಬೀಳುವ ನೀರಿನಲ್ಲಿ ಚಕ್ರ ತಿರುಗಿಸಿ, ಆ ಚಕ್ರದಿಂದ ಪಂಪ್ ಓಡಿಸಿ, ಅದೇ ನೀರನ್ನು ಮತ್ತೆ ಟ್ಯಾಂಕಿಗೆ ಏರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನೀವು ನಗುತ್ತೀರಿ. ಇದೂ ಅದೇ.

"ಪೆಟ್ರೋಲ್ ಕಾರಿನಲ್ಲಿ ಆಲ್ಟರ್ನೇಟರ್ ಬ್ಯಾಟರಿ ಚಾರ್ಜ್ ಮಾಡುತ್ತದಲ್ಲ?" ಎಂಬುದು ಹಲವರ ಪ್ರಶ್ನೆ. ಮಾಡುತ್ತದೆ, ಏಕೆಂದರೆ ಅಲ್ಲಿ ಎಂಜಿನ್ ಪೆಟ್ರೋಲ್ ಸುಡುತ್ತಿದೆ. ಶಕ್ತಿ ಟ್ಯಾಂಕಿನಿಂದ ಬಂತು, ಬ್ಯಾಟರಿಯಿಂದಲ್ಲ.

ಮತ್ತೆ ಆ ವಿಡಿಯೊಗಳಲ್ಲಿ ಮೀಟರ್ ಏರುವುದು ಹೇಗೆ?

ಇಂಥ ಕಾರು ಮಾಡುವವರೆಲ್ಲ ಮೋಸಗಾರರಲ್ಲ. ಬಹಳಷ್ಟು ಮಂದಿ ತಾವು ಕಂಡದ್ದನ್ನು ನಂಬಿ ಹೇಳುತ್ತಾರೆ. ಅವರ ಕಣ್ಣನ್ನು ತಪ್ಪಿಸುವುದು ಬ್ಯಾಟರಿಯ ಒಂದು ಗುಣ.

ಮೋಟಾರು ಜೋರಾಗಿ ಕರೆಂಟ್ ಎಳೆಯುವಾಗ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಗಾಡಿ ನಿಲ್ಲಿಸಿದ ಕೂಡಲೇ ಅದು ತಾನಾಗಿ ಮೇಲೇರುತ್ತದೆ. ಸೀಸ-ಆಮ್ಲ ಬ್ಯಾಟರಿಯಲ್ಲಿ ಫಲಕಗಳ ಬಳಿ ತೆಳುವಾಗಿದ್ದ ಆಮ್ಲ ಮತ್ತೆ ಸಮನಾಗಿ ಹರಡಿಕೊಳ್ಳುವುದರಿಂದ, ಅರ್ಧ ಗಂಟೆ ಬಿಟ್ಟು ನೋಡಿದರೂ ವೋಲ್ಟೇಜ್ ಇನ್ನಷ್ಟು ಏರಿರುತ್ತದೆ. ಡೈನಮೊ ಇರಲಿ ಬಿಡಲಿ, ಇದು ಆಗೇ ಆಗುತ್ತದೆ. "ಓಡಿಸುವಾಗ 46 ಇತ್ತು, ಈಗ 49 ಆಗಿದೆ ನೋಡಿ" ಎಂದು ಮೀಟರ್ ತೋರಿಸಿದರೆ ನೋಡುವವರಿಗೆ ಚಾರ್ಜ್ ಆದಂತೆಯೇ ಕಾಣುತ್ತದೆ. ವೋಲ್ಟೇಜ್ ಎಂಬುದು ಬ್ಯಾಟರಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಎಂದು ಹೇಳುವ ನಿಖರ ಅಳತೆಯಲ್ಲ.

ಸರಿಯಾದ ಪರೀಕ್ಷೆ ಬೇರೆಯೇ ಇದೆ. ಬ್ಯಾಟರಿ ಪೂರ್ತಿ ತುಂಬಿಸಿ, ಡೈನಮೊ ಬಿಚ್ಚಿಟ್ಟು, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಎಷ್ಟು ದೂರ ಓಡುತ್ತದೆ ನೋಡಿ. ಮಾರನೆಯ ದಿನ ಡೈನಮೊ ಕಟ್ಟಿ ಮತ್ತೆ ಓಡಿಸಿ. ಎರಡನೆಯ ದಿನ ದೂರ ಕಡಿಮೆಯಾಗುತ್ತದೆ.

ಬ್ರೇಕ್ ಹಾಕಿದಾಗ ಚಾರ್ಜ್ ಆಗುತ್ತದೆ ಎನ್ನುತ್ತಾರಲ್ಲ?

ಅದು ನಿಜ. ಇಂದಿನ ವಿದ್ಯುತ್ ಕಾರುಗಳಲ್ಲಿ ವೇಗ ತಗ್ಗಿಸುವಾಗ ಮೋಟಾರೇ ಡೈನಮೊ ಆಗಿ ಕೆಲಸ ಮಾಡುತ್ತದೆ. ವ್ಯತ್ಯಾಸ ಇಷ್ಟೇ: ಅಲ್ಲಿ ಹಿಡಿಯುವುದು ಬ್ರೇಕ್ ಪ್ಯಾಡಿನಲ್ಲಿ ಬಿಸಿಯಾಗಿ ಹಾಳಾಗಬೇಕಿದ್ದ ಶಕ್ತಿಯನ್ನು. ಹೊಸ ಶಕ್ತಿಯನ್ನಲ್ಲ.

ಅದು ಎಷ್ಟು ಸಿಗುತ್ತದೆ? ಜನರೂ ಸೇರಿ 800 ಕೆ.ಜಿ. ತೂಗುವ ಕಾರು ಗಂಟೆಗೆ 40 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನೆಯಲ್ಲಿರುವ ಶಕ್ತಿ ಸುಮಾರು 14 ವ್ಯಾಟ್-ಗಂಟೆ. ಅಂದರೆ ಒಂದು ಯೂನಿಟ್‌ನ ಎಪ್ಪತ್ತರಲ್ಲೊಂದು ಪಾಲು. ಅದರಲ್ಲಿ ಅರ್ಧ ವಾಪಸ್ ಸಿಕ್ಕಿದರೂ ನಮ್ಮ ಕೋಲಿನ ಪ್ರಕಾರ ಮುಂದೆ ಹೋಗಲು ಸಾಕಾಗುವುದು 50-60 ಮೀಟರ್‌ಗೆ. ಸಿಗ್ನಲ್ಲಿಗೊಮ್ಮೆ ನಿಲ್ಲುವ ಊರಿನಲ್ಲಿ ಇದು ಸೇರಿ ಸೇರಿ ಲೆಕ್ಕಕ್ಕೆ ಬರುತ್ತದೆ, ಆದರೆ ಪ್ಲಗ್‌ಗೆ ಬದಲಿಯಾಗುವುದಿಲ್ಲ.

ಘಾಟಿ ಇಳಿಯುವಾಗ ಇನ್ನೂ ಚೆನ್ನಾಗಿ ಸಿಗುತ್ತದೆ. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಲಭ್ಯವಿರುವುದು ಹೆಚ್ಚೆಂದರೆ 1.1 ಯೂನಿಟ್, ಕೈಗೆ ಬರುವುದು ಅದಕ್ಕಿಂತ ಕಡಿಮೆ. ವಾಪಸ್ ಹತ್ತುವಾಗ ಅದಕ್ಕಿಂತ ಹೆಚ್ಚೇ ಕೊಡಬೇಕು.

ಕಾರಿನ ಮೇಲೆಯೇ ಸೋಲಾರ್ ಫಲಕ ಹಾಕಿದರೆ?

ಇದು ಮಾತ್ರ ನಿಜಕ್ಕೂ ಹೊರಗಿನಿಂದ ಬರುವ ಶಕ್ತಿ. ಇಲ್ಲಿ ಸುಳ್ಳಿಲ್ಲ, ಆದರೆ ಪ್ರಮಾಣ ತಿಳಿದಿರಬೇಕು.

ನಡುಮಧ್ಯಾಹ್ನದ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಶಕ್ತಿ ತರುತ್ತದೆ. ಒಳ್ಳೆಯ ಫಲಕ ಅದರಲ್ಲಿ ಐದರಲ್ಲೊಂದು ಪಾಲನ್ನು ಕರೆಂಟ್ ಮಾಡುತ್ತದೆ. ಪುಟ್ಟ ಕಾರಿನ ಚಾವಣಿಯಲ್ಲಿ ಸಿಗುವ ಜಾಗ 2 ಚದರ ಮೀಟರ್ ಎಂದರೆ 400 ವ್ಯಾಟ್. ದಿನಕ್ಕೆ 5 ಗಂಟೆ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಕ್ಕಿತು ಎನ್ನಿ, 2 ಯೂನಿಟ್ ಆಯಿತು. ಫಲಕ ಕಾದು ಕಳೆದುಕೊಳ್ಳುವುದು, ಧೂಳು, ಸೂರ್ಯನಿಗೆ ಮುಖ ಮಾಡದೆ ಮಲಗಿರುವುದು, ತುಂಬುವಾಗಿನ ನಷ್ಟ ಎಲ್ಲ ಕಳೆದರೆ ಬ್ಯಾಟರಿಗೆ ಸೇರುವುದು ಸುಮಾರು 1.5 ಯೂನಿಟ್. ಅಂದರೆ 12 ಕಿ.ಮೀ. ಅದೂ ಇಡೀ ದಿನ ಕಾರನ್ನು ಬಯಲಿನಲ್ಲಿ ಬಿಟ್ಟರೆ, ಮಳೆಗಾಲ ಅಲ್ಲದಿದ್ದರೆ.

ದಿನಕ್ಕೆ ಹತ್ತು ಕಿ.ಮೀ. ಓಡಾಡುವವರಿಗೆ ಇದು ಸಣ್ಣ ಲಾಭವೇನಲ್ಲ. ಆದರೆ "ಬಿಸಿಲಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು" ಎಂಬ ಮಾತಿಗೂ ಇದಕ್ಕೂ ಬಹಳ ದೂರ.

ಹಾಗಾದರೆ ಆಸ್ಟ್ರೇಲಿಯಾದಲ್ಲಿ ಬಿಸಿಲಿನಿಂದಲೇ 3000 ಕಿ.ಮೀ. ಓಡುವ ರೇಸ್ ನಡೆಯುತ್ತದಲ್ಲ? ನಿಜ. 1987ರ ಮೊದಲ ರೇಸಿನಲ್ಲಿ ಗೆದ್ದ ಜನರಲ್ ಮೋಟರ್ಸ್‌ನ ಸನ್‌ರೇಸರ್ ಸರಾಸರಿ ಗಂಟೆಗೆ ಸುಮಾರು 67 ಕಿ.ಮೀ. ವೇಗದಲ್ಲಿ ಓಡಿತ್ತು. ಆದರೆ ಅದು ಒಬ್ಬರೇ ಒರಗಿ ಕೂರುವ, ಮೀನಿನಂತೆ ಗಾಳಿ ಸೀಳುವ, ಮೈತುಂಬ ಫಲಕ ಹೊದ್ದ ಯಂತ್ರ. ಅದಕ್ಕೆ ಡಿಕ್ಕಿಯಿಲ್ಲ, ಹಿಂದಿನ ಸೀಟಿಲ್ಲ. ರೇವಾ ಕಾರಿನ ಹಿಂದಿದ್ದ ಚೇತನ್ ಮೈನಿ ಅವರು ವಿದ್ಯಾರ್ಥಿಯಾಗಿದ್ದಾಗ 1990ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಸೌರ ಕಾರಿನ ತಂಡದಲ್ಲಿದ್ದು ಇದೇ ರೇಸಿಗೆ ಹೋಗಿದ್ದವರು. ಅಂಥವರು ಬೆಂಗಳೂರಿನಲ್ಲಿ ಜನಬಳಕೆಗೆ ಕಾರು ಮಾಡಿದಾಗ ಅದನ್ನು ನಡೆಸಿದ್ದು ಗೋಡೆಯ ಪ್ಲಗ್‌ನಿಂದ ತುಂಬುವ ಬ್ಯಾಟರಿಯಿಂದ.

ಬಿಸಿಲನ್ನು ಬಳಸಲೇಬೇಕೆಂದಿದ್ದರೆ ಫಲಕವನ್ನು ಕಾರಿನ ಮೇಲಲ್ಲ, ಮನೆಯ ಮೇಲೆ ಹಾಕಿ. ಅಲ್ಲಿ ಜಾಗವಿದೆ, ಸರಿಯಾದ ಓರೆ ಕೊಡಬಹುದು, ಕಾರು ನೆರಳಿನಲ್ಲಿ ನಿಲ್ಲಬಹುದು. 3 ಕಿಲೋವ್ಯಾಟ್‌ನ ಚಾವಣಿ ಸೋಲಾರ್ ದಿನಕ್ಕೆ ಸರಾಸರಿ 10ರಿಂದ 12 ಯೂನಿಟ್ ಕೊಡುತ್ತದೆ. ಅದರ ಮೂರರಲ್ಲೊಂದು ಪಾಲು ಕಾರಿಗೆ ಬಂದರೂ ಕಾರಿನ ಚಾವಣಿಯ ಎರಡು ಪಟ್ಟಿಗಿಂತ ಹೆಚ್ಚಾಯಿತು.

ಸಣ್ಣ ಜನರೇಟರ್ ಹೊತ್ತುಕೊಂಡು ಹೋದರೆ?

ದಾರಿಯಲ್ಲಿ ಚಾರ್ಜ್ ಮುಗಿದೀತೆಂಬ ಹೆದರಿಕೆಗೆ ಕೆಲವರು ಈ ಉಪಾಯ ಮಾಡುತ್ತಾರೆ. ಓಡುತ್ತದೆ. ಆದರೆ ಸಣ್ಣ ಪೆಟ್ರೋಲ್ ಜನರೇಟರ್ ಒಂದು ಲೀಟರಿಗೆ ಕೊಡುವುದು ಸುಮಾರು ಒಂದೂವರೆ ಯೂನಿಟ್. ನಮ್ಮ ಕೋಲಿನಲ್ಲಿ 12 ಕಿ.ಮೀ. ಆ ಲೀಟರ್ ಪೆಟ್ರೋಲನ್ನು ಹಳೆಯ ಎಂಜಿನ್ನಿಗೇ ಹಾಕಿದ್ದರೆ ಅದಕ್ಕಿಂತ ದೂರ ಹೋಗುತ್ತಿತ್ತು. ಜೊತೆಗೆ ಮುಚ್ಚಿದ ಡಿಕ್ಕಿಯಲ್ಲಿ ಜನರೇಟರ್ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿ ಪ್ರಾಣಕ್ಕೆ ಕುತ್ತು ತರುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಉಳಿಯುವುದು ಒಂದೇ ದಾರಿ: ಒಳ್ಳೆಯ ಬ್ಯಾಟರಿ, ಅದನ್ನು ಗೋಡೆಯ ಕರೆಂಟಿನಿಂದ ತುಂಬುವುದು. ನಿಜವಾದ ಎಚ್ಚರ ಬೇಕಾಗುವುದು ಇಲ್ಲಿ.

ನಾಲ್ಕು ಇನ್ವರ್ಟರ್ ಬ್ಯಾಟರಿ ಸಾಲುವುದಿಲ್ಲವೇ?

ಸುಲಭಕ್ಕೆ ಸಿಗುತ್ತವೆ ಎಂದು ಹೆಚ್ಚಿನವರು ಶುರು ಮಾಡುವುದು ಇಲ್ಲಿಂದಲೇ. ನಾಲ್ಕು ಬ್ಯಾಟರಿ, 48 ವೋಲ್ಟ್, 150 ಎಎಚ್. ಕಾಗದದ ಮೇಲೆ 7.2 ಯೂನಿಟ್, 57 ಕಿ.ಮೀ. ಆದರೆ ರಸ್ತೆಯಲ್ಲಿ ಗಾಡಿ 30 ಕಿ.ಮೀ.ಗೇ ಸುಸ್ತಾಗುತ್ತದೆ. ಬ್ಯಾಟರಿ ಮಾರಿದವರು ಮೋಸ ಮಾಡಿದರೇ?

ಇಲ್ಲ. ಬ್ಯಾಟರಿಯ ಮೇಲೆ ಸಣ್ಣದಾಗಿ "ಸಿ20" ಎಂದು ಬರೆದಿರುತ್ತದೆ. 150 ಎಎಚ್ ಸಿಗುವುದು 20 ಗಂಟೆ ನಿಧಾನವಾಗಿ, ಅಂದರೆ ಬರೀ 7.5 ಆಂಪಿಯರ್‌ನಂತೆ ತೆಗೆದಾಗ ಎಂದು ಅದರ ಅರ್ಥ. ಎರಡು ಫ್ಯಾನು, ನಾಲ್ಕು ಲೈಟಿಗೆ ಅದು ಸರಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಓಡುವ ಕಾರಿಗೆ ಸುಮಾರು 5 ಕಿಲೋವ್ಯಾಟ್ ಬೇಕು, 48 ವೋಲ್ಟ್‌ನಲ್ಲಿ ಅದು 100 ಆಂಪಿಯರ್‌ಗೂ ಹೆಚ್ಚು. ಇಷ್ಟು ರಭಸದಲ್ಲಿ ಎಳೆದರೆ ಸೀಸ-ಆಮ್ಲ ಬ್ಯಾಟರಿ ತನ್ನ ಶಕ್ತಿಯಲ್ಲಿ ಸುಮಾರು ಅರ್ಧವನ್ನಷ್ಟೇ ಬಿಟ್ಟುಕೊಡುತ್ತದೆ. ಪ್ರತಿಸಲವೂ ಪೂರ್ತಿ ಬರಿದು ಮಾಡಿದರೆ ಬೇಗ ಹಾಳಾಗುವುದರಿಂದ, ಅದರಲ್ಲೂ ಅರ್ಧ ಉಳಿಸಿಕೊಂಡರೆ ದಿನಬಳಕೆಗೆ ಸಿಗುವುದು 15 ಕಿ.ಮೀ. ಅದಕ್ಕಾಗಿ ಹೊರುವ ಭಾರ 200 ಕೆ.ಜಿ.ಗೂ ಮೇಲೆ. ಕಾರಿನ ಸೆಲ್ಫ್ ಸ್ಟಾರ್ಟ್‌ಗೆ ಇರುವ ಬ್ಯಾಟರಿ ಬಳಸಿದರಂತೂ ಇನ್ನೂ ಬೇಗ ಕೈಕೊಡುತ್ತದೆ. ಅದನ್ನು ಮಾಡಿರುವುದು ಕೆಲವು ಸೆಕೆಂಡ್ ಜೋರಾಗಿ ಕರೆಂಟ್ ಕೊಡಲು, ಗಂಟೆಗಟ್ಟಲೆ ಎಳೆಯಲು ಅಲ್ಲ.

ಲಿಥಿಯಂ ಬ್ಯಾಟರಿ ಈ ಎರಡೂ ತೊಂದರೆಗಳನ್ನು ಬಹುಮಟ್ಟಿಗೆ ನೀಗಿಸುತ್ತದೆ. ಹಗುರ, ಜೋರಾಗಿ ಎಳೆದರೂ ಹೆಚ್ಚು ಕಡಿಮೆಯಾಗದು. ಆದರೆ ಅದು ತಪ್ಪನ್ನು ಕ್ಷಮಿಸುವುದಿಲ್ಲ.

"48 ವೋಲ್ಟ್" ಎಂದರೆ ಎಷ್ಟು ವೋಲ್ಟ್?

ಮನೆಯಲ್ಲಿ ಬ್ಯಾಟರಿ ಜೋಡಿಸುವವರು ಹೆಚ್ಚು ಎಡವುವುದು ಈ ಪ್ರಶ್ನೆಯಲ್ಲಿ. ಅಂಗಡಿಯಲ್ಲಿ ಎಲ್ಲವೂ "48 ವೋಲ್ಟ್" ಎಂದೇ ಮಾರಾಟವಾಗುತ್ತವೆ. ಆದರೆ ಪೂರ್ತಿ ತುಂಬಿದಾಗ ಇವು ಒಂದೇ ಅಲ್ಲ:

• ನಾಲ್ಕು ಸೀಸ-ಆಮ್ಲ ಬ್ಯಾಟರಿಗಳ ಸಾಲು: ಚಾರ್ಜ್ ಮಾಡುವಾಗ ಸುಮಾರು 57.6 ವೋಲ್ಟ್.
• 16 ಲಿಥಿಯಂ ಐರನ್ ಫಾಸ್ಫೇಟ್ (ಎಲ್‌ಎಫ್‌ಪಿ) ಸೆಲ್‌ಗಳ ಸಾಲು: ಒಂದೊಂದಕ್ಕೆ 3.65ರಂತೆ 58.4 ವೋಲ್ಟ್.
• 13 ಎನ್‌ಎಂಸಿ ಲಿಥಿಯಂ ಸೆಲ್‌ಗಳ ಸಾಲು: ಒಂದೊಂದಕ್ಕೆ 4.2ರಂತೆ 54.6 ವೋಲ್ಟ್.

ಈಗ 58.4 ವೋಲ್ಟ್‌ನ ಚಾರ್ಜರನ್ನು "ಇದೂ 48, ಅದೂ 48" ಎಂದುಕೊಂಡು ಮೂರನೆಯದಕ್ಕೆ ಚುಚ್ಚಿದರೆ ಒಂದೊಂದು ಸೆಲ್‌ಗೂ 4.5 ವೋಲ್ಟ್‌ನಷ್ಟು ಒತ್ತಡ ಬೀಳುತ್ತದೆ. 4.2 ದಾಟಿದ ಮೇಲೆ ಆ ಸೆಲ್ ಒಳಗೊಳಗೇ ಹಾಳಾಗುತ್ತಾ, ಬಿಸಿಯಾಗುತ್ತಾ ಹೋಗುತ್ತದೆ. ಒಂದು ಮಿತಿ ದಾಟಿದರೆ ಬಿಸಿ ತಾನೇ ತಾನಾಗಿ ಏರಿ ಬೆಂಕಿಯಾಗುತ್ತದೆ, ಪಕ್ಕದ ಸೆಲ್‌ಗೂ ಹಬ್ಬುತ್ತದೆ.

ಸೀಸ-ಆಮ್ಲದ ಚಾರ್ಜರನ್ನು ಲಿಥಿಯಂಗೆ ಬಳಸುವುದೂ ತಪ್ಪು. ಆ ಚಾರ್ಜರ್‌ಗಳಲ್ಲಿ ಕೆಲವು, ಹಳೆಯ ಬ್ಯಾಟರಿಗೆ ಜೀವ ತುಂಬಲೆಂದು ನಡುನಡುವೆ ವೋಲ್ಟೇಜನ್ನು 60ರ ಮೇಲಕ್ಕೆ ಏರಿಸುತ್ತವೆ. ಸೀಸಕ್ಕೆ ಅದು ಔಷಧ, ಲಿಥಿಯಂಗೆ ವಿಷ.

ಹಾಗೆಂದು ಸೀಸ-ಆಮ್ಲ ಬ್ಯಾಟರಿ ಪೂರ್ತಿ ನಿರಪಾಯವೂ ಅಲ್ಲ. ಚಾರ್ಜ್ ಮುಗಿಯುವ ಹೊತ್ತಿಗೆ ಅದರಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಗಾಳಿಯಾಡುವ ಜಾಗ ಬೇಕು, ಹತ್ತಿರ ಬೀಡಿ-ಸಿಗರೇಟು ಬೇಡ. ಅವಸರವೂ ಬೇಡ. ರೇವಾ ಕಾರು ನೂರಕ್ಕೆ 80 ಪಾಲು ತುಂಬಲು ಎರಡೂವರೆ ಗಂಟೆ ತೆಗೆದುಕೊಂಡರೆ, ಪೂರ್ತಿ ತುಂಬಲು 8 ಗಂಟೆ ಬೇಕಾಗುತ್ತಿತ್ತು. ಕೊನೆಯ ಭಾಗ ನಿಧಾನವಾಗಿಯೇ ತುಂಬಬೇಕು, ಅದು ಆ ಬ್ಯಾಟರಿಯ ಸ್ವಭಾವ.

ಬಿಎಂಎಸ್ ಇಲ್ಲದೆ ನಡೆಯುವುದಿಲ್ಲವೇ?

"ಬಿಎಂಎಸ್‌ಗೆ ಯಾಕೆ ದುಡ್ಡು, ನಾನೇ ನೋಡಿಕೊಂಡು ಚಾರ್ಜರ್ ತೆಗೆಯುತ್ತೇನೆ" ಎನ್ನುವವರಿದ್ದಾರೆ. ತೊಂದರೆ ಏನೆಂದರೆ, ಚಾರ್ಜರ್‌ಗೆ ಕಾಣುವುದು ಒಟ್ಟು ವೋಲ್ಟೇಜ್ ಮಾತ್ರ. ನಿಮ್ಮ ಮೀಟರ್‌ಗೂ ಅಷ್ಟೇ.

13 ಸೆಲ್‌ಗಳ ಸಾಲನ್ನೇ ನೋಡಿ. ಒಟ್ಟು 54.6 ಆಗುವಾಗ 12 ಸೆಲ್‌ಗಳು 4.15ರಲ್ಲೇ ಇದ್ದರೆ ಅವುಗಳ ಮೊತ್ತ 49.8. ಉಳಿದ ಒಂದು ಸೆಲ್‌ನ ಮೇಲೆ 4.8 ವೋಲ್ಟ್! ಮೀಟರ್ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ, ಒಂದು ಸೆಲ್ ಸಾಯುತ್ತಿರುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳಿಂದ ಬಿಚ್ಚಿದ ಸೆಲ್‌ಗಳಲ್ಲಿ ಹೀಗಾಗುವುದು ಇನ್ನೂ ಹೆಚ್ಚು, ಏಕೆಂದರೆ ಒಂದೊಂದರ ಆಯಸ್ಸೂ ಒಂದೊಂದು ಬಗೆ. ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡಿ, ಒಂದು ಮಿತಿ ದಾಟಿದರೂ ಚಾರ್ಜ್ ನಿಲ್ಲಿಸುವುದು ಬಿಎಂಎಸ್‌ನ ಕೆಲಸ. "ಚಾರ್ಜ್ ಆಗುತ್ತಿಲ್ಲ" ಎಂದು ಅದನ್ನು ದಾಟಿ ನೇರವಾಗಿ ವೈರ್ ಕೊಡುವುದು, ಹೊಗೆ ಬಂತೆಂದು ಕೂಗುತ್ತಿರುವ ನಾಯಿಯ ಬಾಯಿ ಕಟ್ಟಿದ ಹಾಗೆ.

ಮನೆಯ ಪ್ಲಗ್ ತಡೆಯುತ್ತದೆಯೇ?

16 ಆಂಪಿಯರ್‌ನ ದೊಡ್ಡ ಪ್ಲಗ್, ಅಂದರೆ ಗೀಸರ್‌ಗೆ ಬಳಸುವಂಥದ್ದು, ಸುಮಾರು 3.3 ಕಿಲೋವ್ಯಾಟ್ ಕೊಡಬಲ್ಲದು. ರೇವಾದಷ್ಟು ಬ್ಯಾಟರಿಗೆ ಇದು ಧಾರಾಳ. ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಪ್ಲಗ್ ಬೇಡವೇ ಬೇಡ.

ಗೀಸರ್ ಕಾಲು ಗಂಟೆ ಓಡಿ ನಿಲ್ಲುತ್ತದೆ, ಕಾರು ರಾತ್ರಿಯಿಡೀ ಎಳೆಯುತ್ತದೆ. ಆಗ ಸಣ್ಣ ಸಡಿಲವೂ ದೊಡ್ಡದಾಗುತ್ತದೆ. ಸಾಕೆಟ್ಟಿನೊಳಗೆ ಸ್ಕ್ರೂ ಸಡಿಲವಾಗಿ 0.2 ಓಮ್‌ನಷ್ಟು ತಡೆ ಇದೆ ಎಂದುಕೊಳ್ಳಿ. 15 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ ಹುಟ್ಟುವ ಬಿಸಿ 45 ವ್ಯಾಟ್. ರೇಡಿಯೊ ರಿಪೇರಿಯವರ ಸಣ್ಣ ಸೋಲ್ಡರಿಂಗ್ ಕಡ್ಡಿಯೇ 25 ವ್ಯಾಟ್‌ನದು! ಪ್ಲಗ್ ಕರಗುವುದು, ಕಪ್ಪಾಗುವುದು ಇದರಿಂದಲೇ. ಎಂಸಿಬಿ ಇದನ್ನು ತಡೆಯುವುದಿಲ್ಲ, ಏಕೆಂದರೆ ಕರೆಂಟ್ ಮಿತಿಯೊಳಗೇ ಇದೆ. ಆದ್ದರಿಂದ ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆ ದಪ್ಪ ವೈರ್ ಎಳೆಸಿ, ಸರಿಯಾದ ಅರ್ಥಿಂಗ್ ಮಾಡಿಸಿ, ಶಾಕ್ ತಪ್ಪಿಸುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ತೆಳು ಎಕ್ಸ್‌ಟೆನ್ಷನ್ ಬಾಕ್ಸ್‌ನಿಂದ ಕಾರು ಚಾರ್ಜ್ ಮಾಡಬೇಡಿ.

ದಾರಿಬದಿಯ ಫಾಸ್ಟ್ ಚಾರ್ಜರ್ ಬಳಸಬಹುದೇ? 48 ವೋಲ್ಟ್‌ನ ಮನೆಕಾರಿಗೆ ಆಗುವುದಿಲ್ಲ. ಅವು ನೂರಾರು ವೋಲ್ಟ್‌ನ ಬ್ಯಾಟರಿಗಳಿಗೆ ಮಾಡಿದವು. ಕಾರಿನ ಕಂಪ್ಯೂಟರ್ ಜೊತೆ ಮಾತಾಡಿ, ಒಪ್ಪಿಗೆ ಸಿಕ್ಕ ಮೇಲೆಯೇ ಕರೆಂಟ್ ಬಿಡುತ್ತವೆ.

ಎಲ್ಲಿ, ಯಾವಾಗ ಚಾರ್ಜ್ ಮಾಡಬೇಕು?

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಸುದ್ದಿ ನಿಮಗೆ ನೆನಪಿರಬಹುದು. ಆ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ, ರಾತ್ರಿ ಚಾರ್ಜ್‌ಗೆ ಇಟ್ಟಿದ್ದ ಸ್ಕೂಟರ್ ಹೊತ್ತಿಕೊಂಡು ತುಂಬಿದ ಹೊಗೆಯಲ್ಲಿ ತಂದೆ ಮತ್ತು ಮಗಳು ಉಸಿರುಗಟ್ಟಿ ತೀರಿಕೊಂಡರು. ಅದಾದ ಮೇಲೆ ಸರ್ಕಾರ ತನಿಖೆ ಮಾಡಿಸಿ ದ್ವಿಚಕ್ರ ವಾಹನಗಳ ಬ್ಯಾಟರಿಗೆ ಅನ್ವಯಿಸುವ ಎಐಎಸ್-156 ನಿಯಮಗಳನ್ನು ಬಿಗಿ ಮಾಡಿತು. ಅವು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಕಾರ್ಖಾನೆಯಲ್ಲಿ ಮಾಡಿದ ಬ್ಯಾಟರಿಗಳಿಗೇ ಇಷ್ಟು ಪರೀಕ್ಷೆ ಬೇಕಾಯಿತು ಎಂದರೆ, ನಾವೇ ಜೋಡಿಸಿದ್ದಕ್ಕೆ ಎಷ್ಟು ಎಚ್ಚರ ಬೇಕು ಎಂದು ಯೋಚಿಸಿ.

• ಮಲಗುವ ಕೋಣೆಯ ಪಕ್ಕ, ಮೆಟ್ಟಿಲ ಕೆಳಗೆ, ಹೊರಹೋಗುವ ಬಾಗಿಲ ಬಳಿ ಚಾರ್ಜ್ ಮಾಡಬೇಡಿ. ಹೊತ್ತಿಕೊಂಡರೆ ನಿಮ್ಮ ದಾರಿಯೇ ಮುಚ್ಚುತ್ತದೆ.
• ಓಡಿಸಿ ಬಂದ ಕೂಡಲೇ ಚುಚ್ಚಬೇಡಿ, ಬ್ಯಾಟರಿ ತಣಿಯಲಿ. ಹೆಚ್ಚಿನ ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಚಾರ್ಜ್ ಮಾಡಬಾರದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಅಷ್ಟು ಬಿಸಿ ಸುಲಭವಾಗಿ ಆಗುತ್ತದೆ.
• ಬ್ಯಾಟರಿ ಮತ್ತು ಮೋಟಾರಿನ ನಡುವೆ ಮಾತ್ರವಲ್ಲ, ಬ್ಯಾಟರಿ ಮತ್ತು ಚಾರ್ಜರ್ ನಡುವೆಯೂ ಫ್ಯೂಸ್ ಇರಲಿ. ಅದು ಡಿಸಿಗೆಂದೇ ಮಾಡಿದ ಫ್ಯೂಸ್ ಆಗಿರಲಿ.
• ಉಬ್ಬಿದ, ನೀರಿನಲ್ಲಿ ಮುಳುಗಿದ, ಬಿದ್ದು ಪೆಟ್ಟಾದ ಸೆಲ್ಲನ್ನು ಮತ್ತೆ ಬಳಸಬೇಡಿ.
• ಹೊಗೆ ಕಂಡರೆ ಬ್ಯಾಟರಿ ಉಳಿಸಲು ಹೋಗಬೇಡಿ. ಆ ಹೊಗೆ ವಿಷ. ಎಲ್ಲರನ್ನೂ ಹೊರಗೆ ಕರೆತಂದು, ಸಾಧ್ಯವಾದರೆ ಮೇನ್ ಸ್ವಿಚ್ ಆರಿಸಿ, 112ಕ್ಕೆ ಕರೆ ಮಾಡಿ.

ರಸ್ತೆಗೆ ಇಳಿಸಬಹುದೇ?

ತೋಟದೊಳಗೆ ಓಡಿಸುವುದು ಬೇರೆ, ಸಾರ್ವಜನಿಕ ರಸ್ತೆ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿಯಾದ ವಾಹನವನ್ನು ಮನಬಂದಂತೆ ಬದಲಾಯಿಸುವಂತಿಲ್ಲ. ಪೆಟ್ರೋಲ್ ಕಾರನ್ನು ವಿದ್ಯುತ್ ಕಾರು ಮಾಡಲು ಎಐಎಸ್-123 ಮಾನದಂಡದಂತೆ ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಕಿಟ್‌ಗಳಿವೆ. ಅವನ್ನು ಅಧಿಕೃತರಿಂದ ಕೂರಿಸಿ ಆರ್‌ಟಿಒದಲ್ಲಿ ದಾಖಲಿಸಬೇಕು. ಇದನ್ನು ಬಿಟ್ಟರೆ ಅಪಘಾತವಾದಾಗ ವಿಮೆ ಕೈಬಿಡುವ ಸಾಧ್ಯತೆಯೇ ಹೆಚ್ಚು.

ಮುಂದಿನ ಸಲ ಅಂಥ ವಿಡಿಯೊ ಬಂದರೆ

ಕಾರು ಕಟ್ಟಿದವರನ್ನು ಅಣಕಿಸಬೇಡಿ. ಚಾಸಿ ಬೆಸೆಯುವುದು, ಮೋಟಾರು ಹೊಂದಿಸುವುದು, ಸ್ಟಿಯರಿಂಗ್ ಸರಿಮಾಡುವುದು ನಿಜವಾದ ವಿದ್ಯೆ. ಆದರೆ ಹಂಚುವ ಮೊದಲು, ಮುಖ್ಯವಾಗಿ ಹಣ ಕೊಡುವ ಮೊದಲು, ಮೂರು ಪ್ರಶ್ನೆ ಕೇಳಿ.

ಬ್ಯಾಟರಿ ಎಷ್ಟು ಯೂನಿಟ್‌ನದು? ಒಮ್ಮೆ ತುಂಬಿದರೆ ನಿಂತು ಹೋಗುವವರೆಗೆ ಎಷ್ಟು ಕಿ.ಮೀ. ಓಡಿತು? ಆ ಶಕ್ತಿ ಕಾರಿನ ಹೊರಗೆ ಎಲ್ಲಿಂದ ಬಂತು?

ಮೊದಲ ಎರಡಕ್ಕೆ ಉತ್ತರ ಸಿಕ್ಕಿ, ಭಾಗಿಸಿದಾಗ ಯೂನಿಟ್‌ಗೆ 8-10 ಕಿ.ಮೀ. ಸುತ್ತಮುತ್ತ ಬಂದರೆ ಅದು ಪ್ರಾಮಾಣಿಕ ಕಾರು. ಮೂರನೆಯದಕ್ಕೆ ಉತ್ತರ ಗೋಡೆಯ ಪ್ಲಗ್, ಬಿಸಿಲು ಅಥವಾ ಪೆಟ್ರೋಲ್ ಆಗಿರಲೇಬೇಕು. "ಎಲ್ಲಿಂದಲೂ ಬರಲಿಲ್ಲ, ತಾನೇ ತುಂಬಿಕೊಳ್ಳುತ್ತದೆ" ಎಂದರೆ ಹಣ ಜೇಬಿನಲ್ಲೇ ಇರಲಿ.